ಮೆಣಸಿನ ಘಮ, ಮೆಣಸಿನ ಖಾರ

ಸಾರಿಗೆಂದು ನಾಲ್ಕು ಕಾಳು ಮೆಣಸನ್ನು ಕುಟ್ಟಿದೊಡನೆ ಅಡಿಗೆಮನೆಯಿಂದ ಹಜಾರದವರೆಗೂ ಘಮ ಹರಡುತ್ತದೆ. ಅದೇ ಕಾಳನ್ನು ಕುಟ್ಟದೆ ಅಂಗೈಯಲ್ಲಿಟ್ಟು ಮೂಸಿದರೆ ಅಷ್ಟು ವಾಸನೆಯಿಲ್ಲ. ಇನ್ನು, ಎಂದೋ ಪುಡಿಮಾಡಿ ಡಬ್ಬಿಯಲ್ಲಿಟ್ಟು ಮರೆತ ಮೆಣಸನ್ನು ತೆಗೆದು ನೋಡಿರಿ. ನಾಲಗೆಗೆ ಖಾರವೇನೋ ಉಂಟು, ಮೂಗಿಗೆ ಮಾತ್ರ ಏನೂ ಇಲ್ಲ. ಖಾರ ಉಳಿದು ಘಮ ಹೋದುದೇಕೆ? ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿ ಹೊರಟರೆ ಆಹಾರಪರೀಕ್ಷೆಯೆಂಬ ದೊಡ್ಡ ಶಾಸ್ತ್ರದ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಕನ್ನಡಿಗರಿಗೆ ಮೆಣಸೆಂದರೆ ಮೊದಲು ಈ ಕರಿಯ ಕಾಳೇ. ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದ ಹೊಸ ಕಾಯಿಗೆ ಇದರ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಎಂದರು. ಬಂದ ಅತಿಥಿ ಮನೆಯ ಯಜಮಾನನಾದ. ಹೆಸರು ಕೊಟ್ಟವನು ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂದು ವಿಶೇಷಣಗಳನ್ನು ಹೊತ್ತು ನಿಲ್ಲಬೇಕಾಯಿತು. ಆದರೂ ಅದರ ಪ್ರತಿಷ್ಠೆ ಕಡಮೆಯದಲ್ಲ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಇಂದಿಗೂ ಮಲೆನಾಡಿನ ಅಡಕೆಮರಗಳನ್ನೂ ಕೊಡಗಿನ ಕಾಫಿತೋಟದ ನೆರಳುಮರಗಳನ್ನೂ ತಬ್ಬಿ ಈ ಬಳ್ಳಿ ಬೆಳೆಯುತ್ತಿದೆ.

ಮೆಣಸಿನಲ್ಲಿ ನಮಗೆ ಬೇಕಾದ ದ್ರವ್ಯಗಳು ಎರಡು ಬಗೆ. ಒಂದು, ಗಾಳಿಗೆ ಹಾರಿಹೋಗುವ ಸುಗಂಧತೈಲ. ಕಾಳಿನ ಒಳಗೆ ಕಣ್ಣಿಗೆ ಕಾಣದ ಪುಟ್ಟ ಕೋಶಗಳಲ್ಲಿ ಇದು ಅಡಗಿರುತ್ತದೆ. ಕುಟ್ಟಿದಾಗ ಆ ಕೋಶಗಳು ಒಡೆದು ತೈಲ ಆವಿಯಾಗಿ ನಮ್ಮ ಮೂಗನ್ನು ಸೇರುತ್ತದೆ. ಇನ್ನೊಂದು, ಹಾರದೆ ನಿಲ್ಲುವ ಪೈಪರೀನ್ ಎಂಬ ಖಾರದ ಸತ್ತ್ವ. ನಾಲಗೆಯನ್ನು ಚುರುಗುಟ್ಟಿಸುವುದು ಇದೇ. ಹಳೆಯ ಪುಡಿಯಲ್ಲಿ ಮೊದಲನೆಯದು ಹಾರಿಹೋಗಿದೆ, ಎರಡನೆಯದು ಉಳಿದುಕೊಂಡಿದೆ. ನಮ್ಮ ತಾರ್ಕಿಕರು ಗಂಧವನ್ನು ಪೃಥಿವಿಯ ಗುಣವೆಂದು ಹೇಳಿದರು. ರಸಾಯನಶಾಸ್ತ್ರವೂ ಒಂದರ್ಥದಲ್ಲಿ ಅದನ್ನೇ ಹೇಳುತ್ತದೆ: ವಾಸನೆ ಬಂದಿತೆಂದರೆ ಪದಾರ್ಥದ ಕಣವೇ ಬಂದಿತೆಂದು ಅರ್ಥ. ಮನೆಯೆಲ್ಲ ಘಮಘಮಿಸಿದಷ್ಟೂ ಪಾತ್ರೆಯಲ್ಲಿ ಅದು ಕಡಮೆಯಾಯಿತೆಂದೇ ಲೆಕ್ಕ.

ಈ ತೈಲವನ್ನು ಅಳೆಯುವುದು ಹೇಗೆ? ಮೆಣಸನ್ನು ತರಿಯಾಗಿ ಒಡೆದು, ಗಾಜಿನ ಪಾತ್ರೆಯಲ್ಲಿ ನೀರಿನೊಡನೆ ಕುದಿಸುತ್ತಾರೆ. ಏಳುವ ಉಗಿ ತೈಲವನ್ನು ಹೊತ್ತು ಮೇಲಕ್ಕೆ ಹೋಗಿ, ತಣ್ಣನೆಯ ಕೊಳವೆಯಲ್ಲಿ ಮತ್ತೆ ದ್ರವವಾಗುತ್ತದೆ. ನೀರಿಗಿಂತ ಹಗುರವಾದ ತೈಲ ಮೇಲೆ ತೇಲುತ್ತದೆ. ಕೆಳಗಿನ ನೀರು ಮತ್ತೆ ಪಾತ್ರೆಗೆ ಮರಳುತ್ತದೆ. ಕೊಳವೆಯ ಮೇಲೆ ಬರೆದ ಗೆರೆಗಳಿಂದ ಎಷ್ಟು ತೈಲ ಬಂದಿತೆಂದು ಓದಿಕೊಳ್ಳಬಹುದು. ಕ್ಲೆವೆಂಜರ್ ಎಂಬಾತ 1928ರಲ್ಲಿ ರೂಪಿಸಿದ ಈ ಉಪಕರಣ ಇಂದಿಗೂ ಬಳಕೆಯಲ್ಲಿದೆ. ಒಳ್ಳೆಯ ಮೆಣಸಿನಲ್ಲಿ ನೂರಕ್ಕೆ ಎರಡು ಮೂರು ಭಾಗ ತೈಲ ದೊರೆಯುವುದು ಸಾಮಾನ್ಯ.

ಆದರೆ ಈ ತೈಲ ಒಂದೇ ವಸ್ತುವಲ್ಲ. ಹತ್ತಾರು ವಸ್ತುಗಳ ಸಂತೆ. ಅವನ್ನು ಒಂದೊಂದಾಗಿ ಬೇರ್ಪಡಿಸುವ ದಾರಿಯನ್ನು ತೋರಿಸಿದವನು ರಷ್ಯದ ಸಸ್ಯಶಾಸ್ತ್ರಜ್ಞ ತ್ಸ್ವೆತ್. ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದ ಪುಡಿಯನ್ನು ತುಂಬಿ, ಎಲೆಯ ರಸವನ್ನು ಮೇಲಿನಿಂದ ಇಳಿಯಬಿಟ್ಟಾಗ ಹಸಿರು, ಹಳದಿ ಬಣ್ಣಗಳು ಬೇರೆಬೇರೆ ಪಟ್ಟಿಗಳಾಗಿ ನಿಂತುವು. 1906ರಲ್ಲಿ ಅವನು ಈ ವಿಧಾನಕ್ಕೆ ಕ್ರೊಮಟಾಗ್ರಫಿ, ಎಂದರೆ ವರ್ಣಲೇಖನ, ಎಂದು ಹೆಸರಿಟ್ಟ. ರಷ್ಯನ್ ಭಾಷೆಯಲ್ಲಿ ‘ತ್ಸ್ವೆತ್’ ಎಂಬ ಮಾತಿಗೇ ಬಣ್ಣವೆಂದು ಅರ್ಥವೆಂಬುದು ಭಾಷೆಯ ಮೇಷ್ಟರಿಗೆ ಸಂತೋಷ ಕೊಡುವ ಸಂಗತಿ! ಮುಂದೆ 1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮತ್ತು ಮಾರ್ಟಿನ್ ಎಂಬವರು ದ್ರವದ ಬದಲು ಅನಿಲವನ್ನು ಹರಿಸಿ, ಹಾರುವ ವಸ್ತುಗಳನ್ನೂ ಹೀಗೆಯೇ ಬೇರ್ಪಡಿಸಬಹುದೆಂದು ತೋರಿಸಿದರು.

ಇದರ ಮರ್ಮವನ್ನು ತಿಳಿಯಲು ನಮ್ಮೂರ ಜಾತ್ರೆಯನ್ನು ನೆನೆಯಿರಿ. ನೂರು ಜನ ಒಟ್ಟಿಗೆ ಅಂಗಡಿಬೀದಿಯನ್ನು ಹೊಗುತ್ತಾರೆ. ಒಬ್ಬ ಅತ್ತಿತ್ತ ನೋಡದೆ ನೇರವಾಗಿ ನಡೆದುಬಿಡುತ್ತಾನೆ. ಇನ್ನೊಬ್ಬ ಬಳೆಯಂಗಡಿಯಲ್ಲಿ, ಬೆಂಡುಬತ್ತಾಸಿನ ಅಂಗಡಿಯಲ್ಲಿ ನಿಂತು ನಿಂತು ಸಾಗುತ್ತಾನೆ. ಬೀದಿಯ ಕೊನೆಗೆ ಬರುವಾಗ ಗುಂಪು ತಾನಾಗಿಯೇ ಚೆದರಿ, ಒಬ್ಬರ ಹಿಂದೆ ಒಬ್ಬರು ಹೊರಬರುತ್ತಾರೆ. ಇಲ್ಲಿ ಬೀದಿಯೆಂದರೆ ಸುರುಳಿ ಸುತ್ತಿದ, ಮೂವತ್ತು ಮೀಟರಿನಷ್ಟು ಉದ್ದದ, ಬಲು ಸಣ್ಣ ಕೊಳವೆ; ಅಂಗಡಿಯೆಂದರೆ ಅದರ ಒಳಮೈಗೆ ಬಳಿದ ಲೇಪ. ಯಾವ ವಸ್ತು ಯಾವ ಗಳಿಗೆಗೆ ಹೊರಬಂದಿತೆಂಬುದು ಒಂದು ಗುರುತು. ಬಾಗಿಲಲ್ಲಿ ಕಾದಿರುವ ಮತ್ತೊಂದು ಯಂತ್ರ ಅದನ್ನು ಚೂರುಚೂರಾಗಿ ಒಡೆದು, ಆ ಚೂರುಗಳ ತೂಕವನ್ನು ದಾಖಲಿಸುತ್ತದೆ. ಇದು ಎರಡನೆಯ ಗುರುತು. ಎರಡೂ ಕೂಡಿದರೆ ವಸ್ತುವಿನ ಹೆಸರನ್ನು ಹೇಳಬಹುದು. ಹೀಗೆ ಮೆಣಸಿನಲ್ಲಿ ಲಿಮೊನೀನ್, ಪೈನೀನ್, ಸ್ಯಾಬಿನೀನ್, ಕ್ಯಾರಿಯೊಫಿಲೀನ್ ಮೊದಲಾದುವು ಹೇರಳವಾಗಿವೆಯೆಂದು ತಿಳಿಯಿತು.

ಆದರೆ ಇಲ್ಲೊಂದು ಸೋಜಿಗವನ್ನು ಕೇಳಿರಿ. ಲಿಮೊನೀನು ಕಿತ್ತಳೆಯ ಸಿಪ್ಪೆಯಲ್ಲಿಯೂ ಉಂಟು, ಪೈನೀನು ದೇವದಾರು ಜಾತಿಯ ಮರಗಳಲ್ಲಿಯೂ ಉಂಟು. ಮೆಣಸಿಗೆ ಮೆಣಸಿನದೇ ಆದ ವಾಸನೆ ಎಲ್ಲಿಂದ ಬಂದಿತು? ಇದಕ್ಕೆ ಉತ್ತರ ದೊರೆತದ್ದು 2008ರಲ್ಲಿ, ಅದೂ ಆಸ್ಟ್ರೇಲಿಯದಲ್ಲಿ. ಒಂದು ಜಾತಿಯ ದ್ರಾಕ್ಷಾರಸದಲ್ಲಿ ಮೆಣಸಿನ ವಾಸನೆ ಬರುವುದೇಕೆಂದು ಹುಡುಕುತ್ತಿದ್ದವರು ರೊಟಂಡೋನ್ ಎಂಬ ವಸ್ತುವನ್ನು ಕಂಡರು. ಅದೇ ನಮ್ಮ ಮೆಣಸಿನಲ್ಲಿಯೂ ಇತ್ತು. ಯಂತ್ರದಿಂದ ಹೊರಬರುವ ಅನಿಲವನ್ನು ಮನುಷ್ಯರು ಮೂಸಿ ಹೇಳುವ ಪದ್ಧತಿಯಿಂದ ಇದು ಸಿಕ್ಕಿತು. ಒಂದು ಲೀಟರ್ ನೀರಿನಲ್ಲಿ 8 ನ್ಯಾನೋಗ್ರಾಂ ಇದ್ದರೆ ಸಾಕು, ಮೂಗಿಗೆ ತಿಳಿಯುತ್ತದೆ. ಎಂದರೆ ಒಂದು ಗ್ರಾಂ ಹನ್ನೆರಡೂವರೆ ಕೋಟಿ ಲೀಟರ್ ನೀರಿಗೆ ವಾಸನೆ ಕೊಟ್ಟೀತು. ಅಷ್ಟೇ ಅಲ್ಲ, ಆ ಪರೀಕ್ಷೆಗೆ ಕುಳಿತವರಲ್ಲಿ ಸುಮಾರು ಐವರಿಗೊಬ್ಬರಿಗೆ, ಅದರ ಐನೂರು ಪಟ್ಟು ಹಾಕಿದರೂ ವಾಸನೆಯೇ ತಿಳಿಯಲಿಲ್ಲ! ಯಂತ್ರಕ್ಕೆ ಮೂಗಿನ ನೆರವು ಬೇಕು, ಮೂಗಿಗೆ ಯಂತ್ರದ ಸಾಕ್ಷ್ಯ ಬೇಕು.

ಇನ್ನು ಖಾರದ ವಿಷಯ. ಪೈಪರೀನನ್ನು 1819ರಲ್ಲಿ ಮೊದಲು ಬೇರ್ಪಡಿಸಿದವನು ಡೆನ್ಮಾರ್ಕಿನ ಅರ್ಸ್ಟೆಡ್. ಮರುವರ್ಷ ವಿದ್ಯುತ್ತು ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವುದೆಂದು ಕಂಡುಹಿಡಿದವನೂ ಇವನೇ. ಪೈಪರೀನು ನೀರಿನಲ್ಲಿ ಬಹಳ ಸ್ವಲ್ಪ ಕರಗುತ್ತದೆ. ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತದೆ. ಹಾಗೆ ಕರಗಿಸಿದ ದ್ರಾವಣದ ಮೂಲಕ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹಾಯಿಸಿ, ಸುಮಾರು 343 ನ್ಯಾನೋಮೀಟರ್ ತರಂಗದ ಬೆಳಕನ್ನು ಎಷ್ಟು ನುಂಗಿತೆಂದು ಅಳೆದರೆ ಖಾರದ ಪ್ರಮಾಣ ಗೊತ್ತಾಗುತ್ತದೆ. ಪರಂಗಿಹಣ್ಣಿನ ಬೀಜವನ್ನು ಒಣಗಿಸಿ ಮೆಣಸಿನೊಡನೆ ಬೆರೆಸುವ ಮೋಸ ಹಳೆಯದು. ಕಣ್ಣಿಗೆ ಎರಡೂ ಕರಿಯ ಕಾಳೇ; ಆದರೆ ಪರಂಗಿಬೀಜದಲ್ಲಿ ಪೈಪರೀನ್ ಇಲ್ಲ. ಪುಡಿಮಾಡಿ ಬಿಟ್ಟರೆ ಕಣ್ಣು ಸೋಲುತ್ತದೆ, ಬೆಳಕು ಸೋಲುವುದಿಲ್ಲ.

ಮೆಣಸು ಅರಿಸಿನಗಳನ್ನು ಜೊತೆಯಾಗಿ ಬಳಸುವ ನಮ್ಮ ರೂಢಿಗೂ ಇಲ್ಲಿ ಸಾಕ್ಷ್ಯವುಂಟು. ಅರಿಸಿನದ ಕುರ್ಕುಮಿನ್ ರಕ್ತಕ್ಕೆ ಸೇರುವುದು ಬಲು ಕಡಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 2 ಗ್ರಾಂ ಕುರ್ಕುಮಿನ್ ಜೊತೆಗೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟಾಗ ಅದು ದೇಹಕ್ಕೆ ದಕ್ಕುವುದು ಇಪ್ಪತ್ತು ಪಟ್ಟಿನಷ್ಟು ಏರಿತು. ಆದರೆ ರಕ್ತಕ್ಕೆ ಸೇರಿತೆಂದ ಮಾತ್ರಕ್ಕೆ ರೋಗ ವಾಸಿಯಾಯಿತೆಂದಲ್ಲ. ಅಲ್ಲದೆ ಪೈಪರೀನು ಕೆಲವು ಔಷಧಿಗಳನ್ನೂ ಹೀಗೆಯೇ ಹೆಚ್ಚಾಗಿ ರಕ್ತಕ್ಕೆ ಸೇರಿಸಬಲ್ಲದು. ಆದ್ದರಿಂದ ಅಡಿಗೆಯ ಅಳತೆಯನ್ನು ಮೀರಿ ಗುಳಿಗೆಯಾಗಿ ನುಂಗುವವರು ವೈದ್ಯರನ್ನು ಕೇಳುವುದು ಲೇಸು.

ಈ ವಿದ್ಯೆಯೆಲ್ಲ ಯಾರಿಗಾಗಿ? ಬೆಳೆಗಾರನನ್ನು ನೆನೆಯಿರಿ. ಮಾರುಕಟ್ಟೆಯಲ್ಲಿ ಒಂದು ಲೀಟರ್ ಅಳತೆಯ ಮೆಣಸು ಎಷ್ಟು ಗ್ರಾಂ ತೂಗುವುದೆಂದು ನೋಡುತ್ತಾರೆ. ತೂಗದಿದ್ದರೆ ‘ಹಗುರ’ ಎಂದು ಬೆಲೆ ಇಳಿಸುತ್ತಾರೆ. ಹುಳು ತಿಂದು ಪೊಳ್ಳಾದ ಕಾಳಿಗೆ ಆ ಮಾತು ಸರಿಯೇ. ಆದರೆ ಪೂರ್ತಿ ಬಲಿಯುವ ಮೊದಲೇ ಕೊಯ್ದ ಕಾಳು ಹಗುರವಾಗಿರುವುದು ಅದರಲ್ಲಿ ಪಿಷ್ಟ ಇನ್ನೂ ತುಂಬಿಲ್ಲದ್ದರಿಂದ. ತೈಲವೂ ಪೈಪರೀನೂ ಅದರಲ್ಲಿ ತೂಕದ ಲೆಕ್ಕಕ್ಕೆ ಹೆಚ್ಚೇ ಇರುತ್ತವೆ. ಸತ್ತ್ವ ತೆಗೆಯುವ ಕಾರ್ಖಾನೆಗಳು ಅಂಥ ಕಾಳನ್ನೇ ಬಯಸಿ ಕೊಳ್ಳುವುದುಂಟು. ತಕ್ಕಡಿ ಹಗುರವೆಂದು ತಳ್ಳಿದ್ದನ್ನು ರಸಾಯನಶಾಸ್ತ್ರ ಭಾರವೆಂದು ಎತ್ತಿಹಿಡಿಯುತ್ತದೆ. ತನ್ನ ಬೆಳೆಯಲ್ಲಿ ಏನಿದೆಯೆಂದು ತಿಳಿಯದವನಿಗೆ, ಕೊಳ್ಳುವವನು ಹೇಳಿದ್ದೇ ಬೆಲೆ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಂಥ ಸಂಸ್ಥೆಗಳು ನಡೆಸುವ ಪರೀಕ್ಷೆಗಳ ಫಲ ತೋಟದ ಬೇಲಿಯವರೆಗೂ ಬರಬೇಕಾದುದು ಇದಕ್ಕಾಗಿಯೇ.

ಓದುಗರಾದ ನಿಮಗೂ ಇದರಿಂದ ನಾಲ್ಕು ಮಾತಿನ ಪ್ರಯೋಜನವುಂಟು. ಮೆಣಸನ್ನು ಪುಡಿಯಾಗಿ ಕೊಳ್ಳದೆ ಕಾಳಾಗಿ ಕೊಳ್ಳಿರಿ. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ, ಬೆಳಕು ತಾಗದೆಡೆ ಇಡಿರಿ. ಬೆಳಕಿಗೆ ಪೈಪರೀನಿನ ರೂಪ ಬದಲಾಗಿ ಖಾರವೂ ಇಳಿಯುತ್ತದೆ. ಖಾರ ಬೇಕಾದರೆ ಮೊದಲೇ ಹಾಕಿ ಕುದಿಸಿರಿ. ಘಮ ಬೇಕಾದರೆ ಇಳಿಸುವ ಹೊತ್ತಿಗೆ ಕುಟ್ಟಿ ಹಾಕಿ, ಕೂಡಲೇ ತಟ್ಟೆ ಮುಚ್ಚಿರಿ. ಸಾರು ಇಳಿಸಿದೊಡನೆ ಮುಚ್ಚಳ ಹಾಕಿಡುವ ಹಿರಿಯ ಗೃಹಿಣಿಯರಿಗೆ ಪೈನೀನಿನ ಹೆಸರು ಗೊತ್ತಿರಲಿಲ್ಲ. ಹೋಗುವುದಾವುದು, ಉಳಿಯುವುದಾವುದು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.