ಒಂದು ಗೋಡೆ ಎಬ್ಬಿಸಲು ಎಷ್ಟು ಬಾಗಿಲು ತಟ್ಟಬೇಕು?

ಹೊಸಪೇಟೆಯಿಂದ ಕಮಲಾಪುರದ ಮೇಲೆ ಹಂಪಿಗೆ ಹೋಗುವವರು ಅರ್ಧ ಗಂಟೆಯಲ್ಲಿ ಮೂರು ಬಗೆಯ ಸ್ಥಳೀಯ ಸರ್ಕಾರಗಳನ್ನು ದಾಟುತ್ತಾರೆ. ಹೊಸಪೇಟೆಯಲ್ಲಿ ನಗರಸಭೆ, ಕಮಲಾಪುರದಲ್ಲಿ ಪಟ್ಟಣ ಪಂಚಾಯಿತಿ, ಹಂಪಿಯಲ್ಲಿ ಗ್ರಾಮ ಪಂಚಾಯಿತಿ. ಇವುಗಳ ಮೇಲೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ರಾಜ್ಯದ ಪುರಾತತ್ವ ಇಲಾಖೆ, ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಗಳ ಅಧಿಕಾರವೂ ಹಾಸಿಕೊಂಡಿದೆ. ಮನೆ ಮುಂದೆ ಒಂದು ಕೋಣೆ ಹೆಚ್ಚಿಗೆ ಕಟ್ಟಬೇಕೆಂದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಈ ದಾರಿಯಲ್ಲಿ ಉತ್ತರ ಮತ್ತೆ ಮತ್ತೆ ಬದಲಾಗುತ್ತದೆ.

ಊರಿಗೆ ಯಾವ ಬಗೆಯ ಆಡಳಿತ ಎಂಬುದನ್ನು ಮುಖ್ಯವಾಗಿ ಜನಸಂಖ್ಯೆ ತೀರ್ಮಾನಿಸುತ್ತದೆ. ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಪ್ರಕಾರ 10 ಸಾವಿರದಿಂದ 20 ಸಾವಿರದವರೆಗೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ. ಅದಕ್ಕೂ ಮೇಲ್ಪಟ್ಟರೆ ಮಹಾನಗರ ಪಾಲಿಕೆಯಾಗಿ ಬೇರೆ ಕಾಯ್ದೆಯ ಕೈಗೆ ಹೋಗುತ್ತದೆ. 2011ರ ಜನಗಣತಿಯಲ್ಲಿ 2,06,167 ಜನರಿದ್ದ ಹೊಸಪೇಟೆಗೆ ನಗರಸಭೆ. ಸಂಡೂರು, ಕಂಪ್ಲಿಗಳಿಗೆ ಪುರಸಭೆ. ಈ ಸೀಮೆಗೆ ಈ ಕಾಯ್ದೆ ಬಂದದ್ದು ಬಳಸುದಾರಿಯಲ್ಲಿ. ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಮದ್ರಾಸಿನ 1920ರ ಕಾಯ್ದೆ ನಡೆಯುತ್ತಿತ್ತು. ಸಂಡೂರು 1949ರವರೆಗೂ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಅದಾದ ಹನ್ನೊಂದು ವರ್ಷದ ಮೇಲೆ ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ಬಂತು.

ಕಚೇರಿಯ ಒಳಗೆ ಅಧಿಕಾರ ಎರಡು ಕೈಗಳಲ್ಲಿದೆ. ವಾರ್ಡುಗಳಿಂದ ಆಯ್ಕೆಯಾದ ಸದಸ್ಯರು ಸಾಮಾನ್ಯ ಸಭೆಯಲ್ಲಿ ಠರಾವು ಮಾಡುತ್ತಾರೆ, ಆಯವ್ಯಯಕ್ಕೆ ಒಪ್ಪಿಗೆ ಕೊಡುತ್ತಾರೆ. ಆ ಭಾಗದ ಶಾಸಕರಿಗೂ ಸಂಸದರಿಗೂ ಸಭೆಯಲ್ಲಿ ಮತವಿದೆ; ಸರ್ಕಾರ ನಾಮನಿರ್ದೇಶನ ಮಾಡುವವರಿಗೆ ಕೂರುವ ಹಕ್ಕಿದೆ, ಮತವಿಲ್ಲ. ನೋಟಿಸಿಗೆ ಸಹಿ ಹಾಕುವುದು, ಸಿಬ್ಬಂದಿಯನ್ನು ಸ್ಥಳಕ್ಕೆ ಕಳಿಸುವುದು, ಠರಾವನ್ನು ಜಾರಿ ಮಾಡುವುದು ನಗರಸಭೆಯಲ್ಲಿ ಪೌರಾಯುಕ್ತರ, ಪುರಸಭೆಯಲ್ಲಿ ಮುಖ್ಯಾಧಿಕಾರಿಯ ಕೆಲಸ. ಇವರನ್ನು ನೇಮಿಸುವುದೂ ವರ್ಗ ಮಾಡುವುದೂ ರಾಜ್ಯ ಸರ್ಕಾರ. ಸಭೆಯ ಠರಾವು ಕಾನೂನಿಗೆ ವಿರುದ್ಧವಾಗಿದೆ ಅಥವಾ ಜನರಿಗೆ ತೊಂದರೆ ತರುತ್ತದೆ ಎಂದು ಕಂಡರೆ ಜಿಲ್ಲಾಧಿಕಾರಿ ಅದನ್ನು ತಡೆಹಿಡಿಯಬಹುದು. ಚರಂಡಿ ಕಟ್ಟಿಕೊಂಡಾಗ ನಾವು ಬೈಯುವುದು ವಾರ್ಡಿನ ಸದಸ್ಯರನ್ನು. ಪಾಪ, ಒಬ್ಬ ನೌಕರನಿಗೂ ನೇರವಾಗಿ ಆದೇಶ ಕೊಡುವ ಅಧಿಕಾರ ಅವರಿಗಿಲ್ಲ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ 18 ವಿಷಯಗಳ ಪಟ್ಟಿ ಕೊಟ್ಟಿತು: ನಗರ ಯೋಜನೆ, ಕಟ್ಟಡ ನಿಯಂತ್ರಣ, ನೀರು, ನೈರ್ಮಲ್ಯ, ಅಗ್ನಿಶಾಮಕ, ಉದ್ಯಾನ, ಸ್ಮಶಾನ, ಬೀದಿದೀಪ, ಕಸಾಯಿಖಾನೆ, ಜನನ ಮರಣ ನೋಂದಣಿ ಇತ್ಯಾದಿ. ಆದರೆ ಇವನ್ನು ಕೊಡಲೇಬೇಕು ಎಂದು ಸಂವಿಧಾನ ರಾಜ್ಯಗಳಿಗೆ ವಿಧಿಸಲಿಲ್ಲ, ಕೊಡಬಹುದು ಎಂದಿತು. ಎಲ್ಲ ಗೊಂದಲದ ಬೇರು ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಹೊಸಪೇಟೆಯಲ್ಲಿ ಬಡಾವಣೆಯ ನಕ್ಷೆ ನೋಡುವುದು ನಗರಾಭಿವೃದ್ಧಿ ಪ್ರಾಧಿಕಾರ, ಕುಡಿಯುವ ನೀರು ಮತ್ತು ಒಳಚರಂಡಿಯ ದೊಡ್ಡ ಕಾಮಗಾರಿ ರಾಜ್ಯ ಮಟ್ಟದ ಮಂಡಳಿಯದು, ಕರೆಂಟು ಜೆಸ್ಕಾಂ, ಜಲಾಶಯ ತುಂಗಭದ್ರಾ ಮಂಡಳಿ, ಬೆಂಕಿ ಆರಿಸುವುದು ರಾಜ್ಯದ ಅಗ್ನಿಶಾಮಕ ಇಲಾಖೆ. ನಗರಸಭೆಗೆ ಉಳಿಯುವುದು ಕಸ, ಚರಂಡಿ, ಬೀದಿದೀಪ, ಖಾತೆ, ಆಸ್ತಿ ತೆರಿಗೆ, ಕಟ್ಟಡ ಪರವಾನಗಿ, ಉದ್ದಿಮೆ ಪರವಾನಗಿ. ಜನರಿಗೆ ದಿನಬೆಳಗಾದರೆ ಬೇಕಾಗುವುದು ಇವೇ ಆದ್ದರಿಂದ ಬೈಗುಳವೆಲ್ಲ ಅಲ್ಲಿಗೇ ಬಂದು ಬೀಳುತ್ತದೆ.

ಸಂಡೂರಿನಲ್ಲಿ ಈ ಹಂಚಿಕೆ ಇನ್ನೂ ನೋವು ಕೊಡುತ್ತದೆ. ಸುತ್ತಲಿನ ಬೆಟ್ಟಗಳಿಂದ ಕಬ್ಬಿಣದ ಅದಿರು ಹೋಗುತ್ತದೆ, ಕೆಂಪು ಧೂಳು ಊರಿಗೆ ಬರುತ್ತದೆ. ಗಣಿ ಗುತ್ತಿಗೆಯ ವಿಷಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ಕಾಡು ಅರಣ್ಯ ಇಲಾಖೆಗೆ, ಧೂಳಿನ ಪ್ರಮಾಣ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಲಾರಿಗಳ ಭಾರ ಸಾರಿಗೆ ಇಲಾಖೆಗೆ ಸೇರಿದ್ದು. ಬೀದಿ ಗುಡಿಸುವುದು ಪುರಸಭೆಗೆ. ಗಣಿ ಬಾಧಿತ ಪ್ರದೇಶಗಳಿಗೆಂದು 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವೂ ಜಿಲ್ಲಾ ಮಟ್ಟದಲ್ಲಿಯೇ ತೀರ್ಮಾನವಾಗುತ್ತದೆ. ಧೂಳು ಕುಡಿಯುವ ಊರಿನ ಸಭೆಗೆ ಆ ಧೂಳಿನ ಮೇಲೆ ಹಿಡಿತವಿರಬೇಕಿತ್ತು.

ಕಂಪ್ಲಿಯದು ಬೇರೆ ಕತೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿ ಕಡೆಗೆ ಹೋಗುವ ಕೋಟೆ ಬಳಿಯ ಸೇತುವೆ ಮುಳುಗುತ್ತದೆ. ಸೇತುವೆಯ ಸಂಚಾರ ನಿಲ್ಲಿಸುವುದು ಪುರಸಭೆಯಲ್ಲ, ತಾಲ್ಲೂಕು ಮತ್ತು ಜಿಲ್ಲಾ ಆಡಳಿತ ಪೊಲೀಸರ ಜೊತೆ ಸೇರಿ. ಕಂಪ್ಲಿ ಮೊದಲು ಹೊಸಪೇಟೆ ತಾಲ್ಲೂಕಿನಲ್ಲಿತ್ತು, ಆಮೇಲೆ ತಾನೇ ತಾಲ್ಲೂಕಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಸಂಡೂರಿನಂತೆಯೇ ಬಳ್ಳಾರಿಯಲ್ಲಿ ಉಳಿಯಿತು. ಹೊಸಪೇಟೆಯವರಿಗೆ ಜಿಲ್ಲಾಧಿಕಾರಿ ಊರೊಳಗೇ ಸಿಗುತ್ತಾರೆ; ಪುರಸಭೆಯ ಮೇಲಿನ ದೂರು ಹಿಡಿದ ಕಂಪ್ಲಿಯವರು ಬಳ್ಳಾರಿಯ ಬಸ್ಸು ಹತ್ತಬೇಕು.

ಇನ್ನು ಜಾರಿಯ ಮಾತು. ಕಾಯ್ದೆಯ ಕೆಳಗೆ ಪುರಸಭೆ ತನ್ನದೇ ಉಪವಿಧಿಗಳನ್ನು, ಕಚೇರಿ ಮಾತಿನಲ್ಲಿ ಬೈಲಾಗಳನ್ನು, ಮಾಡಿಕೊಳ್ಳಬಹುದು. ಮೊದಲು ಕರಡು ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕು, ನಂತರ ಸರ್ಕಾರದ ಮಂಜೂರಾತಿ ಪಡೆಯಬೇಕು. ಕಸದ ವಿಷಯಕ್ಕೆ ಆರೋಗ್ಯ ನಿರೀಕ್ಷಕರು, ತೆರಿಗೆಗೆ ಕಂದಾಯ ಸಿಬ್ಬಂದಿ, ಕಟ್ಟಡಕ್ಕೆ ಎಂಜಿನಿಯರ್ ಸ್ಥಳಕ್ಕೆ ಬರುತ್ತಾರೆ. ಕೆಲವು ದಂಡಗಳನ್ನು ಸ್ಥಳದಲ್ಲೇ ಹಾಕಬಹುದು. ಹೆಚ್ಚಿನ ಅಪರಾಧಗಳಲ್ಲಿ ಪುರಸಭೆ ದೂರುದಾರ ಮಾತ್ರ, ಶಿಕ್ಷೆ ಕೊಡುವುದು ಮ್ಯಾಜಿಸ್ಟ್ರೇಟ್ ನ್ಯಾಯಾಲಯ. ನಿಯಮ ಮೇಲಿಂದ ಬಂದು ಜಾರಿ ಮಾತ್ರ ಕೆಳಗೆ ಬೀಳುವುದೂ ಉಂಟು. 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ನಿಷೇಧಿಸಿದ್ದು ರಾಜ್ಯ ಸರ್ಕಾರ. ಅಂಗಡಿಗೆ ನುಗ್ಗಿ ಚೀಲ ಹಿಡಿಯುವ ಕೆಲಸ ಪುರಸಭೆಯ ಸಿಬ್ಬಂದಿಗೆ ಬಂತು.

ಬೀದಿ ಬದಿ ವ್ಯಾಪಾರಿಗಳ ವಿಷಯದಲ್ಲಿ 2014ರ ಕೇಂದ್ರ ಕಾಯ್ದೆ ಪುರಸಭೆಯ ಕೈಯನ್ನು ಸ್ವಲ್ಪ ಕಟ್ಟಿದೆ. ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು. ತಳ್ಳುಗಾಡಿಯ ಬಾಳೆಹಣ್ಣಿನವರಿಗೂ ಮಲ್ಲಿಗೆ ಮಾರುವ ಅಮ್ಮನಿಗೂ ಇದು ಗೊತ್ತಿರಬೇಕಾದ ಸಂಗತಿ.

ತಡವಾದ ಜಾರಿ ಏನು ಮಾಡುತ್ತದೆ ಎಂಬುದಕ್ಕೆ ಹಂಪಿಗಿಂತ ದೊಡ್ಡ ಪಾಠವಿಲ್ಲ. 1986ರಲ್ಲಿ ಹಂಪಿ ಯುನೆಸ್ಕೊ ಪಟ್ಟಿಗೆ ಸೇರಿತು. 1988ರ ಅಕ್ಟೋಬರ್ 22ರ ಅಧಿಸೂಚನೆಯಲ್ಲಿ ರಾಜ್ಯ ಸರ್ಕಾರ ಸುತ್ತಲಿನ ಪ್ರದೇಶವನ್ನು ಸಂರಕ್ಷಿತವೆಂದು ಘೋಷಿಸಿತು. ಆನೆಗೊಂದಿಯ ಸೇತುವೆ ಕಾಮಗಾರಿಯಂಥ ಕಾರಣಗಳಿಂದ 1999ರಲ್ಲಿ ಹಂಪಿ ಅಪಾಯದ ಪಟ್ಟಿಗೆ ಇಳಿದು, 2006ರಲ್ಲಿ ಹೊರಬಂತು. ನಡುವೆ 2002ರ ಕಾಯ್ದೆಯ ಮೂಲಕ ನಿರ್ವಹಣಾ ಪ್ರಾಧಿಕಾರ ಹುಟ್ಟಿತು. ತುಂಗಭದ್ರೆಯ ಎರಡೂ ದಡಗಳಲ್ಲಿ ಹರಡಿದ ಸುಮಾರು 236 ಚದರ ಕಿ.ಮೀ. ಇದರ ವ್ಯಾಪ್ತಿ. ಇದರ ಅನುಮತಿ ಇಲ್ಲದೆ ಅಲ್ಲಿ ಅಭಿವೃದ್ಧಿ ಕೆಲಸ ಸಾಧ್ಯವಿಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂಬ ಕೇಂದ್ರದ ನಿಯಮ ಬೇರೆ ಇದೆ.

ಇಷ್ಟೆಲ್ಲ ಕಾವಲಿನ ನಡುವೆಯೂ ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲಿ ಮನೆ, ಅಂಗಡಿಗಳು ದಶಕಗಳ ಕಾಲ ಬೆಳೆದವು. ಅಲ್ಲಿಯೇ ಮಕ್ಕಳು ಹುಟ್ಟಿ ದೊಡ್ಡವರಾದರು. 2011ರ ಜುಲೈಯಲ್ಲಿ ಯಂತ್ರಗಳು ಬಂದವು; ಕುಟುಂಬಗಳಿಗೆ ಕಡ್ಡಿರಾಂಪುರದಲ್ಲಿ ಪುನರ್ವಸತಿ ಎಂದಾಯಿತು. ಹೊಳೆಯಾಚೆ ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆಯಲ್ಲಿ ಹೊಲಗಳಲ್ಲಿ ಎದ್ದ ರೆಸಾರ್ಟುಗಳ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರ ಫೆಬ್ರುವರಿ 11ರಂದು ತೀರ್ಪು ಬಂತು. 1988ರ ಆ ಅಧಿಸೂಚನೆ ಗಡ್ಡೆಗೂ ಅನ್ವಯಿಸುತ್ತದೆ ಎಂದು ಕೋರ್ಟು ಹೇಳಿತು. ಮಾರ್ಚ್‌ನಲ್ಲಿ ತೆರವು ನಡೆಯಿತು. ಅಧಿಸೂಚನೆಗೂ ತೆರವಿಗೂ ನಡುವೆ 31 ವರ್ಷ ಕಳೆದಿದ್ದವು. ಸ್ಮಾರಕ ಉಳಿಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಪಾಯ ತೋಡಿದ ವಾರವೇ ನಿಲ್ಲಿಸಿದ್ದರೆ ಯಾರ ಸೂರೂ ಬೀಳುತ್ತಿರಲಿಲ್ಲ. ಸುಮ್ಮನಿದ್ದ ಕಚೇರಿಗಳು ಹಲವು. ಬೆಲೆ ತೆತ್ತವರು ಸೂರು ಕಳೆದುಕೊಂಡವರು.

ತೆರವಿನ ವಿಧಾನದ ಬಗ್ಗೆ ಈಗ ಸ್ಪಷ್ಟ ನಿಯಮವಿದೆ. 2024ರ ನವೆಂಬರ್ 13ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕನಿಷ್ಠ 15 ದಿನಗಳ ನೋಟಿಸ್, ಮಾಲೀಕರ ಖುದ್ದು ವಿಚಾರಣೆ, ಕಾರಣ ಬರೆದ ಆದೇಶ, ಕೆಡವುವಾಗ ವಿಡಿಯೊ ಚಿತ್ರೀಕರಣ ಇವೆಲ್ಲ ಇರಲೇಬೇಕೆಂದು ಹೇಳಿದೆ. ರಸ್ತೆ, ಪಾದಚಾರಿ ಮಾರ್ಗ, ನದಿ, ಕೆರೆಯ ಮೇಲಿನ ಒತ್ತುವರಿಗೆ ಮತ್ತು ನ್ಯಾಯಾಲಯವೇ ಆದೇಶಿಸಿದ ತೆರವಿಗೆ ಇದು ಅನ್ವಯಿಸದು. ಆದ್ದರಿಂದ ನೋಟಿಸ್ ಕೈಗೆ ಬಂದವರು ಮೊದಲು ಮೂರು ವಿಷಯ ನೋಡಬೇಕು: ಸಹಿ ಹಾಕಿದ ಕಚೇರಿ ಯಾವುದು, ಯಾವ ಕಾಯ್ದೆಯ ಹೆಸರಿದೆ, ಉತ್ತರಕ್ಕೆ ಎಷ್ಟು ದಿನ ಕೊಟ್ಟಿದ್ದಾರೆ. ಉತ್ತರವನ್ನು ಬರಹದಲ್ಲೇ ಕೊಟ್ಟು ಸ್ವೀಕೃತಿ ಪಡೆಯಬೇಕು. ಹಂಪಿ ಸುತ್ತಲಿನ ಹಳ್ಳಿಗಳವರು ಪಂಚಾಯಿತಿಯ ಪರವಾನಗಿಯೊಂದನ್ನೇ ನಂಬಿ ಇಟ್ಟಿಗೆ ಇಳಿಸದೆ, ತಮ್ಮ ಸರ್ವೆ ನಂಬರು ಪ್ರಾಧಿಕಾರದ ಯಾವ ವಲಯದಲ್ಲಿದೆ ಎಂದು ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು.