ಮೆಮೊರಿ ಫೋಮ್ ಗಾದಿ: ವಾಸನೆ, ಶಾಖ, ಹೊಗೆ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ತೊಗರಿ ರಾಶಿ ಮುಗಿದು ಬಿಸಿಲೇರುವ ಹೊತ್ತಿಗೆ ಮದುವೆಗಳ ಸಾಲು. ಮಂಚ, ತಿಜೋರಿ, ಪಾತ್ರೆಗಳ ಜೊತೆ ಈಗ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದ ಫೋಮ್ ಗಾದಿಯೂ ಮನೆಗೆ ಬರುತ್ತಿದೆ. ಪಿಂಜಾರರು ಹತ್ತಿ ಹಿಂಜಿ ಕಣ್ಣೆದುರೇ ತುಂಬಿ ಹೊಲಿದುಕೊಡುತ್ತಿದ್ದ ಗಾದಿಯೊಳಗೆ ಏನಿದೆ ಎಂಬುದು ಮನೆಯ ಮಕ್ಕಳಿಗೂ ಗೊತ್ತಿತ್ತು. ಫೋಮ್ ಗಾದಿಯೊಳಗೆ ಏನಿದೆ ಎಂದರೆ ಮಾರುವವರಿಗೂ ಹೇಳಲು ಬಾರದು. ಪ್ಲಾಸ್ಟಿಕ್ ಕತ್ತರಿಸಿದ ಕೂಡಲೇ ಬಣ್ಣ, ಅಂಟಿನಂಥ ಘಾಟು ಮೂಗಿಗೆ ಬಡಿಯುತ್ತದೆ. ಇದು ವಿಷವೇ ಎಂದು ಮನೆಯ ಹಿರಿಯರು ಕೇಳುವುದು ಸರಿಯಾದ ಪ್ರಶ್ನೆ.

ಮೆಮೊರಿ ಫೋಮ್ ಎನ್ನುವುದು ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನ ಒಂದು ಬಗೆ. ಪಾಲಿಯುರಿಥೇನನ್ನು 1937ರಲ್ಲಿ ಜರ್ಮನಿಯಲ್ಲಿ ಕಂಡುಹಿಡಿದವರು ಒಟ್ಟೊ ಬೇಯರ್. ಪಾಲಿಯಾಲ್ ಮತ್ತು ಐಸೊಸಯನೇಟ್ ಎಂಬ ಎರಡು ದ್ರವಗಳನ್ನು ಸ್ವಲ್ಪ ನೀರಿನೊಡನೆ ಕೂಡಿಸಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ, ಹುದುಗಿದ ಹಿಟ್ಟಿನಂತೆ ಮಿಶ್ರಣ ಉಬ್ಬಿ ನಿಲ್ಲುತ್ತದೆ. ಒತ್ತಿದರೆ ಮೆಲ್ಲಗೆ ತಗ್ಗಿ, ಬಿಟ್ಟರೆ ಮೆಲ್ಲಗೆ ಮೇಲೇಳುವ ಬಗೆಯನ್ನು 1966ರಲ್ಲಿ ನಾಸಾದ ವಿಮಾನ ಆಸನಗಳಿಗಾಗಿ ಚಾರ್ಲ್ಸ್ ಯೋಸ್ಟ್ ರೂಪಿಸಿದರು. ಮೈಶಾಖಕ್ಕೆ ಮೆತ್ತಗಾಗುವುದು ಇದರ ಗುಣ. ಹಾಗಾಗಿ ಚಳಿಗಾಲದಲ್ಲಿ ಗಟ್ಟಿ ಎನಿಸುವ ಅದೇ ಗಾದಿ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಮೈಯನ್ನು ಒಳಗೆಳೆದುಕೊಂಡು ಬೆವರಿಳಿಸುತ್ತದೆ. ಕೊಳ್ಳುವ ಮುಂಚೆ ಇದನ್ನು ಯೋಚಿಸಬೇಕು.

ಐಸೊಸಯನೇಟ್ ಎಂದರೆ ಭೋಪಾಲದ ಅನಿಲ ದುರಂತ ನೆನಪಾಗುತ್ತದೆ. ಆ ಭಯವನ್ನು ತಳ್ಳಿಹಾಕದೆ ಬಿಡಿಸಿ ನೋಡೋಣ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿ ಸೋರಿದ್ದು ಮೀಥೈಲ್ ಐಸೊಸಯನೇಟ್. ಅದು ಸುಮಾರು 39 ಡಿಗ್ರಿಗೇ ಕುದಿದು ಅನಿಲವಾಗುತ್ತದೆ. ಕಲಬುರಗಿಯ ಬೇಸಿಗೆ ಮಧ್ಯಾಹ್ನ ಅದಕ್ಕಿಂತ ಬಿಸಿ. ಫೋಮಿಗೆ ಬಳಸುವ ಟಿಡಿಐ ಅದೇ ಕುಲದ್ದಾದರೂ ಕುದಿಯಲು 250 ಡಿಗ್ರಿಯಷ್ಟು ಶಾಖ ಬೇಕು. ಫೋಮ್ ಗಟ್ಟಿಯಾಗುವಷ್ಟರಲ್ಲಿ ಅದು ಪಾಲಿಯಾಲ್ ಹಾಗೂ ನೀರಿನೊಡನೆ ಕೂಡಿ ಬೇರೆಯೇ ವಸ್ತುವಾಗಿರುತ್ತದೆ. ಟಿಡಿಐನ ಪೆಟ್ಟು ಬೀಳುವುದು ಕಾರ್ಖಾನೆಯ ಕೆಲಸಗಾರರಿಗೆ. ಆವಿ ಕುಡಿದು ಒಮ್ಮೆ ಉಬ್ಬಸ ಅಂಟಿದರೆ, ಮುಂದೆ ಅತಿ ಸ್ವಲ್ಪ ತಾಕಿದರೂ ಅದು ಕೆರಳುತ್ತದೆ. ಗಾದಿಯ ಸುರಕ್ಷತೆಯ ಮಾತು ಬಂದಾಗ ಅವರ ನೆನಪು ಯಾರಿಗೂ ಬರುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಹಾಗಾದರೆ ಘಾಟು ಯಾವುದರದು? ತಯಾರಿಕೆಯಲ್ಲಿ ಬಳಸಿ ಉಳಿದ ಅಮೈನುಗಳು, ಪದರಗಳನ್ನು ಅಂಟಿಸಿದ ಗೋಂದು, ಬೇಗ ಆವಿಯಾಗುವ ಇನ್ನಿತರ ರಾಸಾಯನಿಕಗಳು. ಕೆಲವರಿಗೆ ತಲೆನೋವು, ಕಣ್ಣುರಿ, ಕೆಮ್ಮು ಬರುತ್ತದೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಘಾಟು ಇಳಿಯುತ್ತದೆ. ಶಾಖ ಹೆಚ್ಚಿದಂತೆ ಈ ಆವಿಯೂ ಹೆಚ್ಚು ಹೊರಬರುತ್ತದೆ. ಇಸ್ರೇಲಿನ ಸಂಶೋಧಕರು ಮಲಗಿದವರ ಮೈಶಾಖದಷ್ಟು ಬಿಸಿಯಲ್ಲಿ ಗಾದಿಗಳನ್ನು ಪರೀಕ್ಷಿಸಿ 2019ರಲ್ಲಿ ಇದನ್ನು ತೋರಿಸಿದ್ದಾರೆ. ಪತ್ರಾ ಹೊದಿಸಿದ ಮನೆಯ ಕೋಣೆಯಲ್ಲಿ, ಕಿಟಕಿ ಮುಚ್ಚಿ, ಅದೇ ದಿನ ಬಿಚ್ಚಿದ ಗಾದಿಯ ಮೇಲೆ ಹೊಸ ಜೋಡಿಯನ್ನು ಮಲಗಿಸುವುದು ಸರಿಯಲ್ಲ. ಗಾದಿ ಮದುವೆಗೆ ವಾರ ಮೊದಲೇ ಬರಲಿ. ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ, ಎರಡೂ ಕಡೆ ಗಾಳಿ ಆಡುವಂತೆ ನಿಲ್ಲಿಸಿ. ಹತ್ತಿ ಗಾದಿಯ ಹಾಗೆ ಮಾಳಿಗೆ ಮೇಲೆ ಬಿಸಿಲಿಗೆ ಹಾಕಬೇಡಿ: ಬಿಸಿಲಿಗೆ ಫೋಮ್ ಹಳದಿಯಾಗಿ, ಬೆರಳಾಡಿಸಿದರೆ ಪುಡಿಪುಡಿಯಾಗಿ ಉದುರುತ್ತದೆ. ದಮ್ಮು ಇರುವವರು, ಗರ್ಭಿಣಿಯರು ವಾಸನೆ ಪೂರ್ತಿ ಹೋಗುವವರೆಗೆ ಬೇರೆಡೆ ಮಲಗಲಿ. ವರ್ಷ ತುಂಬದ ಕೂಸನ್ನಂತೂ ವಾಸನೆ ಹೋದ ಮೇಲೂ ಇದರ ಮೇಲೆ ಮಲಗಿಸಬಾರದು. ಮೆತ್ತಗಿನ ಹಾಸಿಗೆಯಲ್ಲಿ ಮುಖ ಹುದುಗಿ ಉಸಿರು ಕಟ್ಟಬಹುದು. ಕೂಸಿಗೆ ಗಟ್ಟಿ, ಸಪಾಟಾದ ಹಾಸೇ ಕ್ಷೇಮ.

ಕೆಲವು ಫೋಮುಗಳಿಗೆ ಬೆಂಕಿ ತಡೆಯಲೆಂದು ರಾಸಾಯನಿಕ ಬೆರೆಸುತ್ತಿದ್ದರು. 1975ರ ಕ್ಯಾಲಿಫೋರ್ನಿಯಾದ ನಿಯಮದಿಂದ ಅಮೆರಿಕದಲ್ಲಿ ಈ ರೂಢಿ ಹಬ್ಬಿತು. ಪೆಂಟಾಬಿಡಿಇ ಎಂಬ ಬ್ರೋಮಿನ್ ಮಿಶ್ರಣ ಫೋಮಿಗೆ ಕಚ್ಚಿಕೊಂಡಿರದೆ ಮನೆಯ ಧೂಳಿನಲ್ಲಿ ಸೇರಿ, ನೆಲದ ಮೇಲೆ ಅಂಬೆಗಾಲಿಡುವ ಮಕ್ಕಳ ಹೊಟ್ಟೆಗೆ ಹೋಗುತ್ತಿತ್ತು. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಅದನ್ನು ನಿಷೇಧದ ಪಟ್ಟಿಗೆ ಸೇರಿಸಿತು; ಭಾರತ 2018ರ ನಿಯಮದಲ್ಲಿ ನಿಷೇಧಿಸಿತು. ಹಳೆಯ ಫೋಮ್ ಚೂರುಗಳನ್ನು ಅಂಟಿಸಿ ಮಾಡಿದ ಅಗ್ಗದ ಗಾದಿಯಲ್ಲಿ ಮೂಲ ಯಾವುದೆಂದು ಹೇಳಲಾಗದು. ದುಡ್ಡು ಉಳಿಸುವುದಿದ್ದರೆ ಅದಕ್ಕಿಂತ ಹತ್ತಿ ಗಾದಿ ಮೇಲು.

ಘಾಟಿಗಿಂತ ನೂರು ಪಾಲು ಹೆದರಬೇಕಾದದ್ದು ಹೊಗೆಗೆ. ಪಾಲಿಯುರಿಥೇನ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಜೊತೆ ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. 1979ರ ಮೇ 8ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ವೂಲ್‌ವರ್ತ್ಸ್ ಮಳಿಗೆಯ ಫೋಮ್ ಪೀಠೋಪಕರಣಗಳಿಗೆ ಬೆಂಕಿ ತಗುಲಿ 10 ಜನ ಸತ್ತರು. ಆ ದೇಶ 1988ರಲ್ಲಿ ಪೀಠೋಪಕರಣಗಳಿಗೆ ಬಿಗಿ ನಿಯಮ ತಂದುದಕ್ಕೆ ಇಂಥ ಸಾವುಗಳೇ ಕಾರಣ. ನಮ್ಮಲ್ಲಿ ಮಂಚದ ಕಾಲ ಬಳಿ ಸೊಳ್ಳೆ ಬತ್ತಿ, ತಲೆದೆಸೆಯಲ್ಲಿ ಊದಿನಕಡ್ಡಿ, ಮಲಗಿದಲ್ಲೇ ಬೀಡಿ, ಕರೆಂಟು ಹೋದರೆ ಮೇಣದಬತ್ತಿ. ಇವು ಗಾದಿಯಿಂದ ದೂರವಿರಲಿ. ಗಾದಿಗೆ ಬೆಂಕಿ ಹತ್ತಿದರೆ ಎಳೆದು ಹೊರಹಾಕಲು ಹೋಗಬೇಡಿ. ಎಲ್ಲರನ್ನೂ ಹೊರಗೆ ಕರೆದು, ಬಾಗಿಲೆಳೆದು, 101ಕ್ಕೋ 112ಕ್ಕೋ ಕರೆ ಮಾಡಿ. ಹಳೆಯ ಫೋಮನ್ನು ತಿಪ್ಪೆಯಲ್ಲಿ ಸುಡುವುದೂ ಬೇಡ.

ಇನ್ನೊಂದು ವಿಷವನ್ನು ಹಾಸಿಗೆಗೆ ನಾವೇ ತರುತ್ತೇವೆ. ತಗಣಿ ಆದವೆಂದು ಹತ್ತಿಗೋ ತೊಗರಿಗೋ ತಂದ ಔಷಧಿಯನ್ನು ಗಾದಿಗೆ ಸಿಂಪಡಿಸುವವರಿದ್ದಾರೆ. ಫೋಮ್ ಅದನ್ನು ಹೀರಿ ಇಟ್ಟುಕೊಳ್ಳುತ್ತದೆ. ತೊಳೆದು ತೆಗೆಯಲಾಗದು, ರಾತ್ರಿಯಿಡೀ ಚರ್ಮಕ್ಕೂ ಉಸಿರಿಗೂ ತಾಕುತ್ತದೆ. ಹೊಲದ ಔಷಧಿ ಹಾಸಿಗೆಗಲ್ಲ. ಚಾದರ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು, ಗಾದಿಗೆ ಪೂರ್ತಿ ಮುಚ್ಚುವ ಝಿಪ್ ಗವಸು ಹಾಕಿ, ಮಂಚದ ಸಂದುಗಳಿಗೆ ಕುದಿಯುವ ನೀರು ಹೊಯ್ಯಿರಿ.

ಕಾಳಿಗೆ ಹುಳ ಹಿಡಿಯದಂತೆ ಇಡುವ ಗುಳಿಗೆ ಇದಕ್ಕಿಂತ ಘೋರ. ಗಾಳಿಯ ತೇವ ತಾಕಿದರೆ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ಫಾಸ್ಫೀನ್ ಅನಿಲ ಬಿಡುತ್ತದೆ. ಅದು ಗಾಳಿಗಿಂತ ತುಸು ಭಾರ. ತೊಗರಿ ಚೀಲಗಳಿರುವ ಕೋಣೆಯಲ್ಲಿ, ಪಕ್ಕದ ಕೋಣೆಯಲ್ಲಿ ಕೂಡ, ಗುಳಿಗೆ ಇಟ್ಟಿರುವಾಗ ಯಾರೂ ಮಲಗಬಾರದು. ಬೆಳ್ಳುಳ್ಳಿಯಂಥ ನಾತ ಬಂದು ವಾಂತಿ, ಎದೆ ಬಿಗಿತ ಶುರುವಾದರೆ ಅದು ಹೊಸ ಗಾದಿಯ ಘಾಟು ಎಂದುಕೊಂಡು ಕೂರಬೇಡಿ. ಕೂಡಲೇ ಹೊರಬನ್ನಿ, ತಾಲೂಕು ಆಸ್ಪತ್ರೆಗೆ ಹೋಗಿ, ಕಾಳಿಗೆ ಹಾಕಿದ ಗುಳಿಗೆಯ ಹೆಸರನ್ನು ವೈದ್ಯರಿಗೆ ಮೊದಲೇ ಹೇಳಿ. ಅದಕ್ಕೆ ಪ್ರತಿವಿಷವಿಲ್ಲ, ಉಸಿರು, ರಕ್ತದೊತ್ತಡ ಕುಸಿಯದಂತೆ ಹಿಡಿದಿಡುವುದೊಂದೇ ಅವರ ಕೈಲಿರುವ ಚಿಕಿತ್ಸೆ.