ಮನೆಯ ಪರದೆ, ಮಂದಿರದ ಪರದೆ

ಕೆಂಗೇರಿ ಉಪನಗರದ ನಿವಾಸಿಗಳಾದ ನಾವು ಯಾವ ಚಿತ್ರಕ್ಕಾಗಿ ನೇರಳೆ ಮಾರ್ಗದ ಮೆಟ್ರೊ ಏರಿ ಮೆಜೆಸ್ಟಿಕ್ಕಿನತ್ತ ಹೊರಡಬೇಕು, ಯಾವುದನ್ನು ಮನೆಯ ಟೀವಿಯಲ್ಲಿಯೇ ನೋಡಿ ತೃಪ್ತರಾಗಬಹುದು?

2025ರಲ್ಲಿ ತೆರೆಕಂಡ, ಜೆ. ಪಿ. ತುಮಿನಾಡು ನಿರ್ದೇಶನದ ‘ಸು ಫ್ರಮ್ ಸೋ’, ಸೋಮೇಶ್ವರದ ಸುಲೋಚನೆಯ ಪ್ರೇತ ಮೆಟ್ಟಿತೆಂಬ ವದಂತಿಯಿಂದ ಕರಾವಳಿಯ ಊರೊಂದು ತಲ್ಲಣಿಸುವ ಕಥೆಯಾಗಿದ್ದು, ಅದರ ಹಾಸ್ಯವು ಅಪರಿಚಿತರ ಸಾಮೂಹಿಕ ನಗೆಯೊಡನೆ ಬೆರೆತಾಗಲೇ ಪೂರ್ಣತೆಯನ್ನೈದುವುದರಿಂದ, ಚಿತ್ರಮಂದಿರಕ್ಕೇ ಸಲ್ಲತಕ್ಕದ್ದು.

ಮಂಡ್ಯ ಸೀಮೆಯ ಗ್ರಾಮಸ್ಥರನ್ನೇ ಪಾತ್ರಧಾರಿಗಳನ್ನಾಗಿಸಿಕೊಂಡು ರಾಮ್ ರೆಡ್ಡಿ ನಿರ್ದೇಶಿಸಿದ ‘ತಿಥಿ’ಯಾದರೋ, ಸೆಂಚುರಿ ಗೌಡನೆಂಬ ವೃದ್ಧನ ಮರಣಾನಂತರದ ದಿನಗಳನ್ನು ಮಂದಗತಿಯಲ್ಲಿ ನಿರೂಪಿಸುವುದರಿಂದ, ಬೇಕಾದಲ್ಲಿ ನಿಲ್ಲಿಸಿ, ಆ ಗ್ರಾಮಸ್ಥರ ಮಾತಿನ ಸೊಗಡನ್ನು ಮತ್ತೊಮ್ಮೆ ಸವಿಯಲು ಮನೆಯೇ ಮೇಲು.

ಆದ್ದರಿಂದ, ಪ್ರೇಕ್ಷಕ ಮಹಾಶಯರೆ, ಟಿಕೀಟು ಕೊಳ್ಳುವ ಮುನ್ನ ಚಿತ್ರವು ಬೇಡುವುದು ಜನಸಂದಣಿಯನ್ನೋ ಏಕಾಂತವನ್ನೋ ಎಂಬುದನ್ನು ವಿಚಾರಿಸಿರಿ.